ಮೋಗ್ಲಿ ನಿಜವಾಗಿ ಇದ್ದನೇ? ತೋಳ ಸಾಕಿದ ಮಕ್ಕಳ ಕಥೆಗಳಲ್ಲಿ ನಿಜವೆಷ್ಟು, ಸುಳ್ಳೆಷ್ಟು?

ಒಂದು ಹಳೆಯ ಕಪ್ಪು-ಬಿಳುಪು ಫೋಟೋ. ಅದರಲ್ಲಿ ಕೈಕಾಲು ಊರಿ ಬಗ್ಗಿ ಕೂತ ಒಂದು ಮಗು. ಕೆಳಗೆ ನಾಲ್ಕು ಸಾಲು: ಇದೇ ನಿಜವಾದ ಮೋಗ್ಲಿ, ತೋಳಗಳು ಇದನ್ನು ಹಾಲೂಡಿಸಿ ಬೆಳೆಸಿದವು, ವಿಜ್ಞಾನಿಗಳೇ ಬೆರಗಾದರು, ಮನುಷ್ಯರಿಗಿಂತ ಪ್ರಾಣಿಗಳೇ ಮೇಲು, ತಪ್ಪದೆ ಶೇರ್ ಮಾಡಿ. ಇಂಥ ಸಂದೇಶಗಳು ವಾಟ್ಸಾಪ್ ಗುಂಪುಗಳಲ್ಲಿ ವರ್ಷಕ್ಕೆರಡು ಬಾರಿಯಾದರೂ ಹೊಸದೆಂಬಂತೆ ಬರುತ್ತವೆ. ಒಮ್ಮೆ ಹುಡುಗನ ಫೋಟೋ, ಇನ್ನೊಮ್ಮೆ ಹುಡುಗಿಯದು. ಒಮ್ಮೆ ತೋಳ, ಇನ್ನೊಮ್ಮೆ ಕೋತಿ.

ಓದಿದವರಿಗೆ ಮನಸ್ಸು ಕರಗುತ್ತದೆ, ಬೆರಳು ತಾನಾಗಿಯೇ ಫಾರ್ವರ್ಡ್ ಬಟನ್ ಒತ್ತುತ್ತದೆ. ಇದರಿಂದ ಯಾರಿಗೇನು ನಷ್ಟ ಎಂದು ನೀವು ಕೇಳಬಹುದು. ನಷ್ಟ ಆಗುವುದು ಮಕ್ಕಳಿಗೆ. ಹೇಗೆಂದು ನೋಡೋಣ ಬನ್ನಿ.

ಮೊದಲಿಗೆ ಚಿಕ್ಕ ಉತ್ತರ

ಮೋಗ್ಲಿ ಕಥೆಗಾರನ ಕಲ್ಪನೆ. ತೋಳವೊಂದು ಮನುಷ್ಯರ ಹಸುಗೂಸನ್ನು ವರ್ಷಗಟ್ಟಲೆ ಸಾಕಿ ಬೆಳೆಸಿತು ಎಂಬುದಕ್ಕೆ ಇಂದಿನವರೆಗೆ ಗಟ್ಟಿ ಸಾಕ್ಷ್ಯವಿಲ್ಲ. ಆದರೆ ಆ ಹೆಸರಿನಲ್ಲಿ ತೋರಿಸಲಾದ ಮಕ್ಕಳು ಮಾತ್ರ ನಿಜವಾಗಿ ಇದ್ದರು. ಅವರ ಕಥೆ ಅದ್ಭುತವಾದದ್ದಲ್ಲ, ನೋವಿನದು.

ಪುಸ್ತಕದ ಮೋಗ್ಲಿ ಎಲ್ಲಿಂದ ಬಂದ?

1990ರ ದಶಕದಲ್ಲಿ ದೂರದರ್ಶನದ ಮುಂದೆ ಭಾನುವಾರ ಕಳೆದವರಿಗೆ ಮೋಗ್ಲಿಯನ್ನು ಪರಿಚಯಿಸಬೇಕಿಲ್ಲ. ಈಗಿನ ಮಕ್ಕಳಿಗೆ ಅವನು 2016ರ ಡಿಸ್ನಿ ಸಿನಿಮಾದಿಂದ ಗೊತ್ತು. ಮೂಲ ಮಾತ್ರ ರುಡ್ಯಾರ್ಡ್ ಕಿಪ್ಲಿಂಗ್ ಬರೆದ ‘ದಿ ಜಂಗಲ್ ಬುಕ್’. ಮೊದಲ ಭಾಗ 1894ರಲ್ಲಿ, ಎರಡನೆಯದು 1895ರಲ್ಲಿ ಪ್ರಕಟವಾಯಿತು.

ಕಿಪ್ಲಿಂಗ್ 1865ರಲ್ಲಿ ಮುಂಬೈಯಲ್ಲಿ ಹುಟ್ಟಿದರು. ಲಾಹೋರ್ ಮತ್ತು ಅಲಹಾಬಾದ್‌ಗಳಲ್ಲಿ ಪತ್ರಕರ್ತರಾಗಿದ್ದರು. 1889ರಲ್ಲಿ ಭಾರತ ಬಿಟ್ಟರು. ಕಥೆ ನಡೆಯುವುದು ಇಂದಿನ ಮಧ್ಯಪ್ರದೇಶದ ಸಿಯೋನಿ ಬೆಟ್ಟಗಳಲ್ಲಾದರೂ ಅದನ್ನು ಅವರು ಬರೆದದ್ದು ಅಮೆರಿಕದ ವರ್ಮಾಂಟ್ ರಾಜ್ಯದ ಹಿಮದ ಊರಿನಲ್ಲಿ ಕುಳಿತು. ಕಾಡಿನ ವಿವರಗಳಿಗೆ ಅವರು ಬೇರೆಯವರ ಪುಸ್ತಕಗಳನ್ನು ನೆಚ್ಚಿಕೊಂಡಿದ್ದರು.

ತೋಳ ಸಾಕಿದ ಮಗು ಎಂಬ ಕಲ್ಪನೆಯೂ ಅವರಿಗಿಂತ ಹಳೆಯದು. ಠಗ್ಗರನ್ನು ಹತ್ತಿಕ್ಕಿದ ಬ್ರಿಟಿಷ್ ಅಧಿಕಾರಿ ವಿಲಿಯಂ ಸ್ಲೀಮನ್ ಅವಧ್ ಪ್ರಾಂತ್ಯದಲ್ಲಿ, ಅಂದರೆ ಇಂದಿನ ಉತ್ತರ ಪ್ರದೇಶದಲ್ಲಿ, ಜನರಿಂದ ಕೇಳಿದ ಇಂಥ ಕಥೆಗಳನ್ನು ಸಂಗ್ರಹಿಸಿದರು. ಅವು 1852ರಲ್ಲಿ ಕಿರುಪುಸ್ತಕವಾಗಿ ಅಚ್ಚಾದವು. ಅಂದರೆ ಕಿಪ್ಲಿಂಗ್ ಹುಟ್ಟುವ ಮೊದಲೇ ತೋಳದ ಮಕ್ಕಳ ಸುದ್ದಿ ಊರೂರು ಸುತ್ತುತ್ತಿತ್ತು. ಆ ಕಾಲದ ಫಾರ್ವರ್ಡ್ ಎಂದರೂ ತಪ್ಪಿಲ್ಲ.

ಹೇಳಿಕೆ 1: ‘ಶನಿಚರ್ ಎಂಬ ಹುಡುಗನೇ ಮೋಗ್ಲಿ’

ಅತಿ ಹೆಚ್ಚು ಹರಿದಾಡುವ ಫೋಟೋ ಇವನದು. 1860ರ ದಶಕದಲ್ಲಿ ಬೇಟೆಗಾರರು ತೋಳದ ಗುಹೆಯಿಂದ ಒಬ್ಬ ಹುಡುಗನನ್ನು ಹೊರಗೆಳೆದು ತಂದರು ಎಂಬುದು ಕಥೆ. ಅವನನ್ನು ಆಗ್ರಾ ಸಮೀಪದ ಸಿಕಂದರಾದಲ್ಲಿದ್ದ ಕ್ರೈಸ್ತ ಮಿಷನ್ ಅನಾಥಾಲಯಕ್ಕೆ ಸೇರಿಸಿದರು. ಬಂದದ್ದು ಶನಿವಾರವಾದ್ದರಿಂದ ಶನಿಚರ್ ಎಂದು ಹೆಸರಿಟ್ಟರು. ಅವನು ಎರಡು ದಶಕಕ್ಕೂ ಹೆಚ್ಚು ಕಾಲ ಅಲ್ಲಿದ್ದ, ಮಾತು ಕಲಿಯಲಿಲ್ಲ, 1895ರಲ್ಲಿ ತೀರಿಕೊಂಡ.

ಹುಡುಗ ಇದ್ದದ್ದು ನಿಜ, ಫೋಟೋ ಕೂಡ ನಿಜ. ಆದರೆ ಗುಹೆಯಲ್ಲಿ ಸಿಕ್ಕ ಎಂಬುದು ಬೇಟೆಗಾರರ ಬಾಯಿಮಾತು. ಅವನು ತೋಳಗಳ ನಡುವೆ ಬದುಕುತ್ತಿದ್ದುದನ್ನು ದಿನಗಟ್ಟಲೆ ನೋಡಿ ಬರೆದವರು ಯಾರೂ ಇಲ್ಲ. ಅವನೇ ಮೋಗ್ಲಿಗೆ ಸ್ಫೂರ್ತಿ ಎಂಬುದು ಬಹುಶಃ ನಂತರದವರು ಜೋಡಿಸಿದ ಮಾತು. ಇಂಥ ಕಥೆಗಳು ಆಗ ಒಂದೆರಡಲ್ಲ, ಹತ್ತಾರು ಇದ್ದವು.

ಒಂದು ವ್ಯತ್ಯಾಸವನ್ನು ಮಾತ್ರ ಗಮನಿಸಿ. ಪುಸ್ತಕದ ಮೋಗ್ಲಿ ಮಾತಿನ ಮಲ್ಲ. ಕರಡಿಯಿಂದ ಪಾಠ ಕಲಿಯುತ್ತಾನೆ, ಹಾವು, ಹದ್ದು, ತೋಳ ಎಲ್ಲದರ ಭಾಷೆಯನ್ನೂ ಆಡುತ್ತಾನೆ. ಶನಿಚರ್‌ಗೆ ಒಂದು ಭಾಷೆಯೂ ಸಿಗಲಿಲ್ಲ. ಈ ವ್ಯತ್ಯಾಸವೇ ಇಡೀ ವಿಷಯದ ಬೀಗದ ಕೈ. ಮುಂದೆ ಅದಕ್ಕೆ ಬರೋಣ.

ಹೇಳಿಕೆ 2: ‘ಕಮಲಾ-ಅಮಲಾ ಕಥೆಯನ್ನು ವಿಜ್ಞಾನಿಗಳೇ ಒಪ್ಪಿದ್ದಾರೆ’

ಇದು ಪಠ್ಯಪುಸ್ತಕಗಳಿಗೂ ನುಗ್ಗಿದ ಕಥೆ. ಬಂಗಾಳದ ಮಿಡ್ನಾಪುರದಲ್ಲಿ ಅನಾಥಾಲಯ ನಡೆಸುತ್ತಿದ್ದ ಪಾದ್ರಿ ಜೆ.ಎ.ಎಲ್. ಸಿಂಗ್, 1920ರ ಅಕ್ಟೋಬರ್‌ನಲ್ಲಿ ಗೆದ್ದಲ ಹುತ್ತದೊಳಗಿನ ತೋಳದ ಗುಹೆಯಿಂದ ಇಬ್ಬರು ಹೆಣ್ಣುಮಕ್ಕಳನ್ನು ತಂದೆ ಎಂದರು. ಕಮಲಾಗೆ ಸುಮಾರು 8 ವರ್ಷ, ಅಮಲಾಗೆ ಸುಮಾರು ಒಂದೂವರೆ ವರ್ಷ. ಅಮಲಾ 1921ರಲ್ಲಿ, ಕಮಲಾ 1929ರಲ್ಲಿ ತೀರಿಕೊಂಡರು. ಸಿಂಗ್ ಅವರ ದಿನಚರಿ 1942ರಲ್ಲಿ ಪುಸ್ತಕವಾಗಿ ಬಂತು. ಅದಕ್ಕೂ ಒಂದು ವರ್ಷ ಮೊದಲೇ ಅಮೆರಿಕದ ಹೆಸರಾಂತ ಮಕ್ಕಳ ಮನೋವಿಜ್ಞಾನಿ ಆರ್ನಾಲ್ಡ್ ಗೆಸೆಲ್ ಈ ಕಥೆಯನ್ನು ನಂಬಿ ಒಂದು ಪುಸ್ತಕ ಬರೆದಿದ್ದರು. ‘ವಿಜ್ಞಾನಿಗಳೇ ಒಪ್ಪಿದ್ದಾರೆ’ ಎಂಬ ಮಾತು ಹುಟ್ಟಿದ್ದು ಹೀಗೆ.

ಆದರೆ ಗೆಸೆಲ್ ಆ ಮಕ್ಕಳನ್ನು ನೋಡಿಯೇ ಇರಲಿಲ್ಲ. ನೋಡಿ ಪರೀಕ್ಷಿಸಲು ಹೊರಟವರಿಗೆ ಕಂಡದ್ದು ಬೇರೆ. ಅಮೆರಿಕದ ಸಮಾಜವಿಜ್ಞಾನಿ ವಿಲಿಯಂ ಆಗ್‌ಬರ್ನ್ ಮತ್ತು ಭಾರತದ ಮಾನವಶಾಸ್ತ್ರಜ್ಞ ನಿರ್ಮಲ್ ಕುಮಾರ್ ಬೋಸ್ 1950ರ ದಶಕದಲ್ಲಿ ಕಥೆಯ ಜಾಡು ಹಿಡಿದು ತನಿಖೆ ಮಾಡಿದರು. ಮಕ್ಕಳು ತೋಳದ ಗುಹೆಯಲ್ಲಿ ಸಿಕ್ಕಿದರು ಎಂಬುದಕ್ಕೆ ನಂಬಬಹುದಾದ ಪುರಾವೆ ಅವರಿಗೆ ದೊರೆಯಲಿಲ್ಲ. ಮುಂದೆ 2007ರಲ್ಲಿ ಫ್ರೆಂಚ್ ವೈದ್ಯ ಸೆರ್ಜ್ ಅರೋಲ್ ಹಳೆಯ ಕಡತಗಳನ್ನು ಕೆದಕಿ ಇದೊಂದು ವಂಚನೆ ಎಂದು ಬರೆದರು. ದಿನಚರಿ ಆಯಾ ದಿನ ಬರೆದದ್ದಲ್ಲ, ಮಕ್ಕಳು ಸತ್ತ ಎಷ್ಟೋ ವರ್ಷಗಳ ನಂತರ ಬರೆದದ್ದು. ಪ್ರಸಿದ್ಧ ಫೋಟೋಗಳು ಬೇರೆ ಮಕ್ಕಳನ್ನು ಕೂರಿಸಿ ತೆಗೆದವು ಎಂಬುದು ಅವರ ವಾದ. ಕಮಲಾಗೆ ನರಗಳ ಬೆಳವಣಿಗೆಯ ತೊಂದರೆ ಇದ್ದಿರಬೇಕು ಎಂದೂ ಅವರು ಊಹಿಸಿದ್ದಾರೆ.

ಕಡತ ನೋಡದೆಯೂ ಒಂದು ಪರೀಕ್ಷೆ ಮಾಡಬಹುದು. ಕಮಲಾಳ ಕಣ್ಣು ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತಿತ್ತು ಎಂದು ಸಿಂಗ್ ಬರೆದಿದ್ದಾರೆ. ರಾತ್ರಿ ಬೆಕ್ಕು, ನಾಯಿ, ತೋಳಗಳ ಕಣ್ಣು ಹೊಳೆಯಲು ಅವುಗಳ ಅಕ್ಷಿಪಟದ ಹಿಂದೆ ಕನ್ನಡಿಯಂಥ ಒಂದು ಪದರ ಇರುತ್ತದೆ. ಮನುಷ್ಯರ ಕಣ್ಣಿನಲ್ಲಿ ಆ ಪದರವೇ ಇಲ್ಲ. ಅದು ಹುಟ್ಟಿನಿಂದ ಬರುವಂಥದ್ದು, ಸಹವಾಸದಿಂದ ಬರುವುದಿಲ್ಲ. ಹಸುವಿನ ಕೊಟ್ಟಿಗೆಯಲ್ಲಿ ಮಲಗಿದ ಮಾತ್ರಕ್ಕೆ ಕೊಂಬು ಮೂಡುವುದಿಲ್ಲವಲ್ಲ, ಹಾಗೆ.

ತೋಳದ ಲೆಕ್ಕ, ಮಗುವಿನ ಲೆಕ್ಕ

ತೋಳ ಮನುಷ್ಯರ ಮಗುವನ್ನು ಸಾಕಲು ಏಕೆ ಆಗುವುದಿಲ್ಲ? ತೋಳ ಕೆಟ್ಟದ್ದು ಎಂಬ ಕಾರಣಕ್ಕಲ್ಲ. ತೋಳಗಳು ಕುಟುಂಬವಾಗಿ ಬದುಕುತ್ತವೆ, ಮರಿಗಳನ್ನು ಗುಂಪಿನ ಎಲ್ಲರೂ ಸೇರಿ ಸಾಕುತ್ತವೆ. ತೊಂದರೆ ಇರುವುದು ಎರಡು ಜೀವಗಳ ಬೆಳವಣಿಗೆಯ ವೇಗದಲ್ಲಿ.

ತೋಳದ ಮರಿ ಸುಮಾರು ಎರಡು ವಾರಕ್ಕೆ ಕಣ್ಣು ಬಿಡುತ್ತದೆ. ಎಂಟರಿಂದ ಹತ್ತು ವಾರಕ್ಕೆ ಹಾಲು ಬಿಡುತ್ತದೆ. ಆಮೇಲೆ ದೊಡ್ಡ ತೋಳಗಳು ಕಕ್ಕಿ ಕೊಡುವ ಮಾಂಸವೇ ಊಟ. ವರ್ಷ ತುಂಬುವ ಮೊದಲೇ ಅದು ಗುಂಪಿನ ಜೊತೆ ಓಡುತ್ತಿರುತ್ತದೆ.

ನಮ್ಮ ಮಗು? ಎಂಟು ವಾರಕ್ಕೆ ಕತ್ತು ಕೂಡ ಸರಿಯಾಗಿ ನಿಲ್ಲುವುದಿಲ್ಲ. ಅಂಬೆಗಾಲಿಡಲು ಎಂಟು-ಹತ್ತು ತಿಂಗಳು, ನಡೆಯಲು ಸುಮಾರು ಒಂದು ವರ್ಷ. ಮೊದಲ ಆರು ತಿಂಗಳು ಹಾಲು ಬಿಟ್ಟರೆ ಬೇರೆ ಆಹಾರವಿಲ್ಲ. ಅಂದರೆ ಮಗುವಿಗೆ ಹಾಲು ಅತ್ಯಗತ್ಯವಾಗಿರುವಾಗಲೇ ತೋಳದ ಹಾಲು ಬತ್ತಿರುತ್ತದೆ. ಗುಂಪು ಒಂದೇ ರಾತ್ರಿ ಹಲವು ಕಿಲೋಮೀಟರ್ ನಡೆಯುತ್ತದೆ. ಭಾರತೀಯ ತೋಳದ ತೂಕವೇ ಸುಮಾರು 20 ಕಿಲೋ. ಬೆಳೆಯುವ ಮಗುವನ್ನು ಬಾಯಲ್ಲಿ ಕಚ್ಚಿಕೊಂಡು ಅದು ಎಲ್ಲಿಗೆ ಹೋದೀತು?

ಕಮಲಾ-ಅಮಲಾ ವಯಸ್ಸನ್ನೇ ಮತ್ತೆ ನೋಡಿ. ಇಬ್ಬರ ನಡುವೆ ಆರಕ್ಕೂ ಹೆಚ್ಚು ವರ್ಷಗಳ ಅಂತರ. ಕಥೆ ನಿಜವಾಗಬೇಕಾದರೆ ತೋಳಗಳು ವರ್ಷಗಳ ಅಂತರದಲ್ಲಿ ಎರಡು ಬಾರಿ ಮನುಷ್ಯರ ಕೂಸನ್ನು ತಂದು, ಎರಡು ಬಾರಿಯೂ ತಿನ್ನದೆ ಸಾಕಿರಬೇಕು. ಕಾಡಿನಲ್ಲಿ ಹೆಚ್ಚಿನ ತೋಳಗಳ ಆಯಸ್ಸೇ ಅಷ್ಟು ಇರುವುದಿಲ್ಲ.

ಹಾಗಾದರೆ ಆ ಮಕ್ಕಳು ಯಾರು?

ಅವಧ್ ಭಾಗದಲ್ಲಿ ತೋಳಗಳು ಮಕ್ಕಳನ್ನು ಹೊತ್ತೊಯ್ಯುತ್ತಿದ್ದುದು ನಿಜ. ಬಾಗಿಲಿಲ್ಲದ ಗುಡಿಸಲು, ಅಂಗಳದಲ್ಲಿ ಮಲಗಿದ ಕೂಸು, ಹಸಿದ ತೋಳ. 1996ರಲ್ಲಿ ಕೂಡ ಪೂರ್ವ ಉತ್ತರ ಪ್ರದೇಶದಲ್ಲಿ ತೋಳದ ದಾಳಿಗೆ ಹಲವು ಮಕ್ಕಳು ಬಲಿಯಾದರು.

ಮಗುವಿನ ದೇಹ ಸಿಗದ ತಾಯಿಯನ್ನು ಊಹಿಸಿಕೊಳ್ಳಿ. ಎಲ್ಲೋ ಬದುಕಿರಬಹುದು ಎಂಬ ಆಸೆ ಸಾಯುವುದಿಲ್ಲ. ಕೆಲವು ವರ್ಷಗಳ ನಂತರ ಕಾಡಂಚಿನಲ್ಲಿ ಮಾತು ಬಾರದ, ಬಟ್ಟೆ ಇಲ್ಲದ ಒಂದು ಮಗು ಸಿಗುತ್ತದೆ. ಮೈಮೇಲೊಂದು ಗಾಯದ ಗುರುತು ಕಂಡರೆ ಸಾಕು, ಇವನು ನನ್ನ ಮಗನೇ ಎಂದು ಅವಳು ಓಡಿ ಬರುತ್ತಾಳೆ. ಸ್ಲೀಮನ್ ಬರೆದ ಕಥೆಗಳಲ್ಲೂ ಹೆತ್ತವರು ಮಗುವನ್ನು ಗುರುತಿಸಿದ್ದು ಇಂಥ ಕಲೆಗಳಿಂದಲೇ. ಕಳೆದುಕೊಂಡ ಮಗು ಒಂದು, ಸಿಕ್ಕ ಮಗು ಇನ್ನೊಂದು ಇದ್ದಿರಬಹುದು. ಎರಡನ್ನೂ ಹೊಲಿದ ದಾರವೇ ತೋಳದ ಕಥೆ.

ಸಿಕ್ಕ ಮಗು ಯಾವುದು ಎಂಬುದಕ್ಕೆ ನಮ್ಮ ಕಾಲದ್ದೇ ಒಂದು ಉದಾಹರಣೆ ಇದೆ. 2017ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ಬಹ್ರೈಚ್ ಜಿಲ್ಲೆಯ ಕತರ್ನಿಯಾಘಾಟ್ ಅರಣ್ಯದಲ್ಲಿ ‘ಮೋಗ್ಲಿ ಹುಡುಗಿ’ ಸಿಕ್ಕಿದಳು, ಕೋತಿಗಳು ಅವಳನ್ನು ಸಾಕಿದ್ದವು ಎಂಬ ಸುದ್ದಿ ಜಗತ್ತನ್ನೇ ಸುತ್ತಿತು. ಅರಣ್ಯಾಧಿಕಾರಿಗಳು ಹೇಳಿದ್ದು ಬೇರೆ. ಅವಳು ಸಿಕ್ಕಿದ್ದು ಕಾಡಿನ ರಸ್ತೆ ಬದಿಯಲ್ಲಿ. ಸಿಬ್ಬಂದಿ ಗಸ್ತು ತಿರುಗುವ, ಕ್ಯಾಮೆರಾಗಳಿರುವ ಆ ಕಾಡಿನಲ್ಲಿ ಕೋತಿಗಳ ಜೊತೆ ಒಂದು ಹುಡುಗಿ ಬದುಕಿದ್ದರೆ ಕಣ್ಣಿಗೆ ಬೀಳದೇ ಇರುತ್ತಿರಲಿಲ್ಲ. ಅವಳಿಗೆ ಬೌದ್ಧಿಕ ಮತ್ತು ದೈಹಿಕ ಅಂಗವೈಕಲ್ಯದ ಲಕ್ಷಣಗಳಿವೆ ಎಂದು ವೈದ್ಯರು ಹೇಳಿದರು. ಮನೆಯವರೇ ತಂದು ಬಿಟ್ಟು ಹೋಗಿರಬೇಕು ಎಂಬುದು ಅಧಿಕಾರಿಗಳ ಅನುಮಾನ.

ಎರಡು ಸುದ್ದಿಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ‘ಕೋತಿಗಳು ಸಾಕಿದ ಹುಡುಗಿ’ ಎಂದರೆ ಬೆರಗು. ‘ಅಂಗವೈಕಲ್ಯವಿರುವ ಮಗಳನ್ನು ಯಾರೋ ಕಾಡಿನಲ್ಲಿ ಬಿಟ್ಟರು’ ಎಂದರೆ ಅಪರಾಧ. ಮೊದಲನೆಯದನ್ನು ಎಲ್ಲರೂ ಶೇರ್ ಮಾಡಿದರು. ಎರಡನೆಯದರ ಬಗ್ಗೆ ಪ್ರಶ್ನೆ ಕೇಳಿದವರು ಕಡಿಮೆ. ‘ತೋಳ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಬಿದ್ದದ್ದು ತೋಳವಲ್ಲ, ಮಗು. ನಾವು ಎಸೆದದ್ದು ಕಲ್ಲಲ್ಲ, ಫಾರ್ವರ್ಡ್.

ಮಾತು ಕಲಿಯಲು ಒಂದು ವಯಸ್ಸಿದೆ

ಈಗ ಬೀಗದ ಕೈಗೆ ಬರೋಣ. ಮಾತು ಹಸಿವಿನಂತೆ ತಾನಾಗಿಯೇ ಬರುವುದಿಲ್ಲ. ಕಲಿಯುವ ಶಕ್ತಿ ಹುಟ್ಟಿನಿಂದ ಇರುತ್ತದೆ, ಆದರೆ ಅದಕ್ಕೆ ಸುತ್ತಲಿನ ಮನುಷ್ಯರ ಮಾತು ಗೊಬ್ಬರದಂತೆ ಬೀಳಬೇಕು. ಅದೂ ಬಾಲ್ಯದಲ್ಲೇ ಬೀಳಬೇಕು. ಭಾಷೆ ಕಲಿಯಲು ಮಿದುಳಿನಲ್ಲಿ ಒಂದು ಸೂಕ್ತ ಅವಧಿ ಇದೆ, ಹರೆಯದ ಹೊತ್ತಿಗೆ ಆ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ ಎಂದು ಎರಿಕ್ ಲೆನ್ನೆಬರ್ಗ್ ಎಂಬ ವಿಜ್ಞಾನಿ 1967ರಲ್ಲಿ ವಾದಿಸಿದರು. ಬಾಗಿಲು ಯಾವಾಗ, ಎಷ್ಟು ಮುಚ್ಚುತ್ತದೆ ಎಂಬ ಚರ್ಚೆ ಈಗಲೂ ಇದೆ. ಮೊದಲ ವರ್ಷಗಳು ಬಹಳ ಮುಖ್ಯ ಎಂಬುದರಲ್ಲಿ ಮಾತ್ರ ಅನುಮಾನವಿಲ್ಲ.

ಇದನ್ನು ತಿಳಿಸುವ ಮೂರು ದಾಖಲಾದ ಘಟನೆಗಳಿವೆ.

ಮೊದಲನೆಯದು ಫ್ರಾನ್ಸಿನದು. 1800ರಲ್ಲಿ ಅವೆರೋನ್ ಪ್ರದೇಶದ ಕಾಡಿನಿಂದ ಸುಮಾರು 12 ವರ್ಷದ ಹುಡುಗನೊಬ್ಬ ಹೊರಬಂದ. ಅವನಿಗೆ ವಿಕ್ಟರ್ ಎಂದು ಹೆಸರಿಟ್ಟರು. ಪ್ಯಾರಿಸ್‌ನ ಕಿವುಡ ಮಕ್ಕಳ ಸಂಸ್ಥೆಯಲ್ಲಿ ಯುವ ವೈದ್ಯ ಇಟಾರ್ ಸುಮಾರು ಐದು ವರ್ಷ ಅವನಿಗೆ ಕಲಿಸಲು ಹೆಣಗಿದರು. ಹುಡುಗ ಕೆಲವು ಬರೆದ ಪದಗಳನ್ನು ಗುರುತಿಸಲು ಕಲಿತ, ತನ್ನನ್ನು ನೋಡಿಕೊಳ್ಳುತ್ತಿದ್ದ ಮಹಿಳೆಯನ್ನು ಹಚ್ಚಿಕೊಂಡ, ಆದರೆ ಮಾತನಾಡಲು ಕಲಿಯಲೇ ಇಲ್ಲ. 1828ರಲ್ಲಿ ತೀರಿಕೊಂಡ. ಹಾಗೆಂದು ಇಟಾರ್ ಪಟ್ಟ ಶ್ರಮ ವ್ಯರ್ಥವಾಗಲಿಲ್ಲ. ವಿಶೇಷ ಅಗತ್ಯದ ಮಕ್ಕಳಿಗೆ ಕಲಿಸುವ ವಿಧಾನಗಳ ಬೇರು ಅಲ್ಲಿದೆ. ಮಾರಿಯಾ ಮಾಂಟೆಸ್ಸೊರಿ ಅವರೂ ಅದರಿಂದ ಪ್ರೇರಣೆ ಪಡೆದರು.

ಎರಡನೆಯದರಲ್ಲಿ ಕಾಡೇ ಇಲ್ಲ. 1970ರಲ್ಲಿ ಅಮೆರಿಕದ ಲಾಸ್ ಏಂಜಲೀಸ್ ಸಮೀಪ ಒಂದು ಮನೆಯ ಕೋಣೆಯಲ್ಲಿ ವರ್ಷಗಟ್ಟಲೆ ಕೂಡಿಹಾಕಿದ್ದ 13 ವರ್ಷದ ಹುಡುಗಿ ಪತ್ತೆಯಾದಳು. ಅವಳ ಜೊತೆ ಯಾರೂ ಮಾತನಾಡುತ್ತಿರಲಿಲ್ಲ. ಸಂಶೋಧಕರು ಅವಳಿಗೆ ಜೀನಿ ಎಂಬ ಗುಪ್ತನಾಮ ಕೊಟ್ಟರು. ಅವಳು ಪದಗಳನ್ನು ಕಲಿತಳು, ಆದರೆ ಪದ ಜೋಡಿಸಿ ಸರಾಗವಾಗಿ ವಾಕ್ಯ ಮಾಡುವುದು ಸಾಧ್ಯವಾಗಲಿಲ್ಲ. ಮನುಷ್ಯರ ನಡುವೆಯೇ ಒಂದು ಮಗು ಕಾಡುಪಾಲಾಗಬಹುದು ಎಂಬುದಕ್ಕೆ ಇದೇ ಸಾಕ್ಷಿ.

ಮೂರನೆಯದು ರಷ್ಯಾದ್ದು. 1990ರ ದಶಕದಲ್ಲಿ ನಾಲ್ಕು ವರ್ಷದ ಹುಡುಗ ಮನೆ ಬಿಟ್ಟು ಬಂದು ಸುಮಾರು ಎರಡು ವರ್ಷ ಬೀದಿನಾಯಿಗಳ ಜೊತೆ ಇದ್ದ. ಬೇಡಿ ತಂದ ಊಟವನ್ನು ಅವಕ್ಕೆ ಹಾಕುತ್ತಿದ್ದ, ಅವು ಅವನಿಗೆ ಕಾವಲಿದ್ದವು. ಹಿಡಿದು ತಂದ ಮೇಲೆ ಅವನು ಬೇಗನೆ ಎಲ್ಲರಂತಾದ, ಶಾಲೆಗೂ ಹೋದ. ಕಾರಣ ಸರಳ. ನಾಲ್ಕು ವರ್ಷ ಮನೆಯಲ್ಲಿದ್ದ ಅವನು ಮಾತು ಕಲಿತಾಗಿತ್ತು.

1912ರಲ್ಲಿ ಎಡ್ಗರ್ ರೈಸ್ ಬರೋಸ್ ಬರೆದ ಟಾರ್ಜನ್ ಅಪ್ಪ-ಅಮ್ಮನ ಗುಡಿಸಲಿನಲ್ಲಿದ್ದ ಪುಸ್ತಕಗಳನ್ನು ನೋಡಿ ತಾನೇ ಓದಲು ಕಲಿಯುತ್ತಾನೆ. ಒಂದು ಮಾತನ್ನೂ ಕೇಳದ ಹುಡುಗನಿಂದ ಅದು ಆಗದ ಕೆಲಸ. ಕಾದಂಬರಿ ಓದಿ ಸಂತೋಷಪಡಲು ಇದು ಅಡ್ಡಿಯಲ್ಲ. ಮಗುವಿನ ಆರೈಕೆಗೆ ಮಾತ್ರ ಅದನ್ನು ನಂಬಬೇಡಿ.

ಇದು ನಮ್ಮ ಮನೆಯ ವಿಷಯವೂ ಹೌದು

‘ನಮ್ಮ ಮನೆಯಲ್ಲಿ ಎಲ್ಲರೂ ತಡವಾಗಿ ಮಾತಾಡಿದ್ದು’, ‘ಗಂಡುಮಕ್ಕಳು ನಿಧಾನ’, ‘ಬಜೆ ತೇದು ನೆಕ್ಕಿಸಿ, ಬರುತ್ತದೆ’. ಇವು ನಾವೆಲ್ಲ ಕೇಳಿದ ಮಾತುಗಳು. ಕೆಲವು ಮಕ್ಕಳು ತಡವಾಗಿ ಮಾತಾಡುವುದು ನಿಜ. ಆದರೆ ಮಾತು ಬಾರದಿರಲು ಕಿವಿ ಕೇಳಿಸದಿರುವುದೂ ಒಂದು ದೊಡ್ಡ ಕಾರಣ. ಕೇಳಿಸದ ಮಗುವಿಗೆ ಮನೆ ತುಂಬ ಜನರಿದ್ದರೂ ಭಾಷೆ ತಲುಪುವುದಿಲ್ಲ.

ಇವನ್ನು ಗಮನಿಸಿ:

• ದೊಡ್ಡ ಸದ್ದಿಗೆ ಹಸುಗೂಸು ಬೆಚ್ಚದಿದ್ದರೆ, ಆರು ತಿಂಗಳಾದರೂ ಸದ್ದಿನ ಕಡೆ ತಿರುಗದಿದ್ದರೆ
• ಒಂದು ವರ್ಷವಾದರೂ ತೊದಲು ಸದ್ದುಗಳಿಲ್ಲದಿದ್ದರೆ, ಹೆಸರು ಕರೆದರೆ ತಿರುಗದಿದ್ದರೆ
• ಎರಡು ವರ್ಷವಾದರೂ ‘ಅಮ್ಮ ಬಾ’, ‘ಹಾಲು ಬೇಕು’ ಎಂಬಂತೆ ಎರಡು ಪದ ಜೋಡಿಸದಿದ್ದರೆ
• ಯಾವ ವಯಸ್ಸಿನಲ್ಲೇ ಆಗಲಿ, ಬಂದ ಮಾತು ನಿಂತುಹೋದರೆ

ಕಾಯಬೇಡಿ, ಮಕ್ಕಳ ವೈದ್ಯರಿಗೆ ತೋರಿಸಿ. ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಮೂರು ತಿಂಗಳೊಳಗೆ ತೊಂದರೆ ಇದೆಯೇ ಎಂಬ ಖಚಿತತೆ, ಆರು ತಿಂಗಳೊಳಗೆ ನೆರವು. ತಜ್ಞರು ಹೇಳುವ ಗುರಿ ಇದು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೇ ಕೆಲಸಕ್ಕೆಂದು ಇರುವ ರಾಷ್ಟ್ರಮಟ್ಟದ ಸಂಸ್ಥೆ. ಅದು ನಮ್ಮ ರಾಜ್ಯದಲ್ಲೇ ಇದೆ ಎಂಬುದು ಎಷ್ಟೋ ಹೆತ್ತವರಿಗೆ ಗೊತ್ತಿಲ್ಲ.

ಭಾಷೆ ಎಂದರೆ ಬಾಯಿಮಾತೇ ಆಗಬೇಕಿಲ್ಲ ಎಂಬುದನ್ನೂ ನೆನಪಿಡಿ. ಸಂಜ್ಞಾ ಭಾಷೆ ಪೂರ್ಣ ಭಾಷೆ. ಎಳವೆಯಲ್ಲೇ ಅದನ್ನು ಕಲಿತ ಕಿವುಡ ಮಗುವಿನ ಬುದ್ಧಿ ಚೆನ್ನಾಗಿಯೇ ಬೆಳೆಯುತ್ತದೆ. ಮಗುವಿಗೆ ಬೇಕಾದದ್ದು ಯಾವುದಾದರೂ ಒಂದು ಭಾಷೆ, ಅದೂ ಸಮಯಕ್ಕೆ ಸರಿಯಾಗಿ.

ಫಾರ್ವರ್ಡ್ ಮಾಡುವ ಮುನ್ನ

‘ಕಾಡಿನಲ್ಲಿ ಸಿಕ್ಕ ಮಗು’ ಎಂಬ ವಿಡಿಯೋ ಅಥವಾ ಫೋಟೋ ಬಂದರೆ ಮೂರು ವಿಷಯ ನೆನಪಿರಲಿ.

ಒಂದು, ಪ್ರಾಣಿಗಳ ಜೊತೆ ಮಗು ಬದುಕಿದ್ದನ್ನು ಯಾರು, ಎಷ್ಟು ದಿನ ನೋಡಿದರು ಎಂದು ಕೇಳಿ. ಹೆಚ್ಚಿನ ಕಥೆಗಳು ಇಲ್ಲಿಗೇ ಮುಗಿಯುತ್ತವೆ.

ಎರಡು, ಕಾನೂನು. 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ, ಆರೈಕೆ ಮತ್ತು ರಕ್ಷಣೆ ಬೇಕಾದ ಮಗುವಿನ ಹೆಸರು, ವಿಳಾಸ, ಚಿತ್ರ ಅಥವಾ ಗುರುತು ಹತ್ತುವ ವಿವರವನ್ನು ಪತ್ರಿಕೆ, ಟಿವಿ ಮಾತ್ರವಲ್ಲ, ಸಂವಹನದ ಬೇರೆ ಯಾವುದೇ ರೂಪದಲ್ಲೂ ಬಹಿರಂಗಪಡಿಸುವಂತಿಲ್ಲ. ಶಿಕ್ಷೆ ಆರು ತಿಂಗಳವರೆಗೆ ಜೈಲು, ಎರಡು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಮೂರು, ನಿಮ್ಮ ಸುತ್ತಮುತ್ತ ಒಂಟಿಯಾಗಿ ಅಲೆಯುವ, ಕೂಡಿಹಾಕಿದ ಅಥವಾ ಬಿಟ್ಟುಹೋದ ಮಗು ಕಂಡರೆ ಫೋನ್ ಎತ್ತಿಕೊಳ್ಳಿ. ಕ್ಯಾಮೆರಾ ತೆರೆಯಲು ಅಲ್ಲ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಲು. ಕರೆ ಉಚಿತ.

ಶೇರ್ ಮಾಡಲೇಬೇಕೆಂದರೆ ಇದನ್ನು ಮಾಡಿ

ಮೋಗ್ಲಿಗೂ ಕನ್ನಡ ನಾಡಿಗೂ ಒಂದು ನಿಜವಾದ ನಂಟಿದೆ. 1942ರ ಹಾಲಿವುಡ್ ಚಿತ್ರ ‘ಜಂಗಲ್ ಬುಕ್’ನಲ್ಲಿ ಮೋಗ್ಲಿಯಾಗಿ ನಟಿಸಿದ ಸಾಬು, ಮೈಸೂರು ಸೀಮೆಯ ಕಾರಾಪುರದವರು. ಕಬಿನಿ ದಂಡೆಯ ಕಾಡಂಚಿನ ಊರು ಅದು. ಮಾವುತನ ಮಗ. ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡು ಮಹಾರಾಜರ ಆನೆ ಲಾಯದ ಆಶ್ರಯದಲ್ಲಿದ್ದ ಹುಡುಗನನ್ನು ನಿರ್ದೇಶಕ ರಾಬರ್ಟ್ ಫ್ಲಾಹರ್ಟಿ ಅವರ ತಂಡ ಗುರುತಿಸಿತು. 1937ರಲ್ಲಿ ಬಂದ ‘ಎಲಿಫೆಂಟ್ ಬಾಯ್’ ಅವರನ್ನು ಜಗತ್ತಿಗೆ ಪರಿಚಯಿಸಿತು. ಅದರ ಕಥೆಯೂ ‘ಜಂಗಲ್ ಬುಕ್’ ಪುಸ್ತಕದ್ದೇ.

ಕಾಡಿನ ಪಕ್ಕ, ಆನೆಗಳ ನಡುವೆ ಬೆಳೆದ ಅನಾಥ ಹುಡುಗ. ಆದರೆ ಅವನನ್ನು ಬೆಳೆಸಿದ್ದು ಆನೆಗಳಲ್ಲ. ಊಟ ಹಾಕಿದವರು, ಮಾತು ಕಲಿಸಿದವರು, ಕೈ ಹಿಡಿದವರು ಮನುಷ್ಯರೇ. ಈ ಕಥೆ ನಿಜ. ಫಾರ್ವರ್ಡ್ ಮಾಡಿದರೆ ಯಾವ ಮಗುವಿಗೂ ನೋವಾಗುವುದಿಲ್ಲ.